ಡಿಶ್‌ನಿಂದ ಹೋಂ ಥಿಯೇಟರ್‌ವರೆಗೆ: ವಿಜಯಪುರದ ಹಳ್ಳಿಗಳಿಗೆ ಉಪಗ್ರಹ ಟಿವಿ ಬಂದದ್ದು ಯಾರ ಕನಸಿನಿಂದ?

ಹೋಂ ಥಿಯೇಟರ್ ಕೊಳ್ಳಬೇಕು ಎಂದುಕೊಂಡವರ ಮೊಬೈಲ್‌ಗೆ ಒಂದಲ್ಲ ಒಂದು ದಿನ ಇಂಥ ಫಾರ್ವರ್ಡ್ ಬರುತ್ತದೆ. ಸೆಟ್‌ಟಾಪ್ ಬಾಕ್ಸ್‌ನ ಹಿಂದೆ ಒಂದು ಆಪ್ಟಿಕಲ್ ಕೇಬಲ್ ಸಿಕ್ಕಿಸಿದರೆ ಸಾಕು, ಎಲ್ಲ ಚಾನೆಲ್‌ಗಳ ಸದ್ದೂ ಸಿನಿಮಾ ಟಾಕೀಸಿನಂತೆ ಸುತ್ತಲಿಂದ ಬರುತ್ತದೆ ಎನ್ನುತ್ತದೆ ಒಂದು ಸಂದೇಶ. ಪರದೆಯ ಮೇಲಿನ ತುಟಿಗೂ ಕಿವಿಗೆ ಬೀಳುವ ಮಾತಿಗೂ ತಾಳೆಯಾಗದಿದ್ದರೆ ಉಪಗ್ರಹ ದೂರ ಇರುವುದೇ ಕಾರಣ, ಡಿಶ್ ಬದಲಿಸಿ ಎನ್ನುತ್ತದೆ ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು.

ಯಾಕೆ ಎಂದು ತಿಳಿಯಲು ಒಬ್ಬ ವಿಜ್ಞಾನಿಯ ಬದುಕನ್ನು ನೋಡಬೇಕು. ಅವರ ಹೆಸರು ವಿಕ್ರಮ್ ಸಾರಾಭಾಯ್. ಇಂದು ವಿಜಯಪುರ ನಗರದಲ್ಲಿ, ತಿಕೋಟಾದಲ್ಲಿ, ಬಬಲೇಶ್ವರದಲ್ಲಿ ಮನೆ ಮನೆಯ ಮಾಳಿಗೆ ಮೇಲೆ ಡಿಶ್ ಕಾಣುತ್ತದೆ. ಆದರೆ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದ 1981ಕ್ಕಿಂತ ಆರು ವರ್ಷ ಮೊದಲೇ, ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಗಳ ಜನ ಉಪಗ್ರಹದಿಂದ ನೇರವಾಗಿ ಬಂದ ಟಿವಿ ನೋಡಿದ್ದರು ಎಂಬುದು ನಿಮಗೆ ಗೊತ್ತೇ? ಅದರ ಹಿಂದೆ ಇದ್ದದ್ದು ಸಾರಾಭಾಯ್ ಅವರ ಹಟ.

ಮಿಲ್ ಮಾಲೀಕರ ಮಗ, ಬೆಂಗಳೂರಿನ ವಿದ್ಯಾರ್ಥಿ

ವಿಕ್ರಮ್ ಸಾರಾಭಾಯ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಬಟ್ಟೆ ಗಿರಣಿಗಳ ಒಡೆಯರು, ತಾಯಿ ಸರಳಾದೇವಿ. ಹಣಕ್ಕೆ ಕೊರತೆ ಇರಲಿಲ್ಲ. ಗಿರಣಿ ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಹುಡುಗನ ಮನಸ್ಸು ಭೌತವಿಜ್ಞಾನದ ಕಡೆ ಹೋಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿ 1940ರಲ್ಲಿ ಪದವಿ ಪಡೆದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಸಾರಾಭಾಯ್ ಭಾರತಕ್ಕೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕರು ಸರ್ ಸಿ.ವಿ. ರಾಮನ್. ಹೋಮಿ ಭಾಭಾ ಅವರೂ ಆಗ ಅಲ್ಲೇ ಇದ್ದರು. ಸಾರಾಭಾಯ್ ಆರಿಸಿಕೊಂಡ ವಿಷಯ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಎಲ್ಲ ದಿಕ್ಕಿನಿಂದಲೂ ಭೂಮಿಯತ್ತ ಬರುವ ಕಣ್ಣಿಗೆ ಕಾಣದ ಕಣಗಳು. 1942ರಲ್ಲಿ ನೃತ್ಯ ಕಲಾವಿದೆ ಮೃಣಾಲಿನಿ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ದೇಶ ಸ್ವತಂತ್ರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ, 28ನೇ ವಯಸ್ಸಿನಲ್ಲಿ, ಸಾರಾಭಾಯ್ ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಮುಂದೆ ಬಟ್ಟೆ ಗಿರಣಿಗಳ ಸಂಶೋಧನೆಗೆ ಒಂದು ಸಂಸ್ಥೆ, ಮೃಣಾಲಿನಿ ಅವರ ಜೊತೆ ಕಲೆಗಾಗಿ ದರ್ಪಣ ಅಕಾಡೆಮಿ, 1961ರಲ್ಲಿ ಅಹಮದಾಬಾದಿನ ಐಐಎಂ ಸ್ಥಾಪನೆಯಲ್ಲಿ ಮುಖ್ಯ ಪಾತ್ರ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಇಷ್ಟು ಸಂಸ್ಥೆ ಕಟ್ಟಿದ್ದು ಹೇಗೆ ಎಂದು ಅಚ್ಚರಿಯಾಗುತ್ತದೆ.

ಚರ್ಚಿನ ಅಂಗಳದಿಂದ ರಾಕೆಟ್

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಸಾರಾಭಾಯ್. ಕೇರಳದ ತಿರುವನಂತಪುರದ ಬಳಿ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿಕೊಂಡರು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರವೇ ಹಾದುಹೋಗುವುದು ಆ ಆಯ್ಕೆಗೆ ಕಾರಣ. ಊರಿನ ಚರ್ಚೇ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕದಿಂದ ಬಂದ ಚಿಕ್ಕ ರಾಕೆಟ್.

ಬಡ ದೇಶಕ್ಕೆ ರಾಕೆಟ್ ಯಾಕೆ ಎಂಬ ಪ್ರಶ್ನೆ ಆಗಲೂ ಇತ್ತು. ಸಾರಾಭಾಯ್ ಅವರ ಉತ್ತರ ಸ್ಪಷ್ಟವಾಗಿತ್ತು. ಚಂದ್ರನಿಗೆ ಮನುಷ್ಯರನ್ನು ಕಳಿಸುವ ಪೈಪೋಟಿ ನಮಗೆ ಬೇಡ. ಆದರೆ ಮಳೆ, ಬೆಳೆ, ಶಿಕ್ಷಣ, ಸಂಪರ್ಕ ಇವುಗಳಿಗೆ ಅತ್ಯುತ್ತಮ ತಂತ್ರಜ್ಞಾನ ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ನಿಲುವು.

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯ್ ಹೆಗಲಿಗೆ ಬಂತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು.

ಹಳ್ಳಿಗೇ ಮೊದಲು ಟಿವಿ!

ಈಗ ನಮ್ಮ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಟಿವಿ ಹೇಗೆ ಹರಡುತ್ತದೆ? ದೊಡ್ಡ ಊರಿನಲ್ಲಿ ಗೋಪುರ ನಿಲ್ಲಿಸುತ್ತಾರೆ. ಗೋಪುರದ ಸಿಗ್ನಲ್ ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ಭೂಮಿ ದುಂಡಗಿರುವುದರಿಂದ ಕೆಲವು ಹತ್ತು ಕಿಲೋಮೀಟರ್ ಆಚೆ ಅದು ಸಿಗುವುದಿಲ್ಲ. ಹಾಗಾಗಿ ಮೊದಲು ದೊಡ್ಡ ನಗರ, ಆಮೇಲೆ ಸಣ್ಣ ನಗರ, ಕಟ್ಟಕಡೆಗೆ ಹಳ್ಳಿ. ಹಳ್ಳಿಯ ಸರದಿ ಬರುವಷ್ಟರಲ್ಲಿ ಒಂದು ತಲೆಮಾರೇ ಕಳೆದಿರುತ್ತದೆ.

ಸಾರಾಭಾಯ್ ಈ ಸಾಲನ್ನು ತಿರುಗಿಸಿದರು. ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿಂದ ನೋಡಿದರೆ ದಿಲ್ಲಿಯೂ ಒಂದೇ, ಬಬಲೇಶ್ವರವೂ ಒಂದೇ. ಹಾಗಿದ್ದ ಮೇಲೆ ಹಳ್ಳಿಯವರು ಯಾಕೆ ಕಾಯಬೇಕು?

ಮೊದಲು ಸಣ್ಣ ಪರೀಕ್ಷೆ ನಡೆಯಿತು. 1967ರ ಜನವರಿಯಲ್ಲಿ ದಿಲ್ಲಿ ಸುತ್ತಲಿನ 80 ಹಳ್ಳಿಗಳಲ್ಲಿ ಸಮುದಾಯ ಟಿವಿ ಇಟ್ಟು ರೈತರಿಗೆ ಕೃಷಿ ದರ್ಶನ ತೋರಿಸಿದರು. ಅದು ಗೋಪುರದಿಂದಲೇ ಬಂದ ಟಿವಿ. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ನಾಸಾ ತನ್ನ ಉಪಗ್ರಹವನ್ನು ಒಂದು ವರ್ಷ ಭಾರತದ ಬಳಕೆಗೆ ಕೊಡುವುದು. ಕಾರ್ಯಕ್ರಮ ತಯಾರಿ, ನೆಲದ ಕೇಂದ್ರ, ಟಿವಿ ಸೆಟ್, ಡಿಶ್, ರಿಪೇರಿ ಎಲ್ಲ ಭಾರತದ್ದೇ ಹೊಣೆ. ಆ ಉಪಗ್ರಹ ನಮ್ಮದೇ ಆಗಿತ್ತು ಎನ್ನುವ ಫಾರ್ವರ್ಡ್ ಬಂದರೆ ನಂಬಬೇಡಿ. ಉಪಗ್ರಹ ನಾಸಾದ್ದು, ನೆಲದ ಮೇಲಿನ ದುಡಿಮೆ ನಮ್ಮದು.

ಆದರೆ ಸಾರಾಭಾಯ್ ಅದನ್ನು ನೋಡಲಿಲ್ಲ. 1971ರ ಡಿಸೆಂಬರ್ 30ರಂದು, ಕೇರಳದ ಕೋವಳಂನಲ್ಲಿ ತಂಗಿದ್ದಾಗ ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ. ಅವರ ಸಾವಿನ ಬಗ್ಗೆ ನಾನಾ ಪಿತೂರಿ ಕಥೆಗಳು ಇಂದಿಗೂ ಮೊಬೈಲ್‌ಗಳಲ್ಲಿ ಓಡಾಡುತ್ತವೆ. ಪುರಾವೆ ಇಲ್ಲದ್ದನ್ನು ಇಲ್ಲಿ ಬರೆಯುವುದಿಲ್ಲ, ನೀವೂ ಹಂಚಬೇಡಿ.

1975, ಬಿಜಾಪುರ ಜಿಲ್ಲೆ

ಸಾರಾಭಾಯ್ ಹೋದರೂ ಅವರ ತಂಡ ಬಿಡಲಿಲ್ಲ. 1974ರ ಮೇ 30ರಂದು ಎಟಿಎಸ್-6 ಎಂಬ ಉಪಗ್ರಹ ಮೇಲೇರಿತು. 1975ರ ಆಗಸ್ಟ್ 1ರಂದು ಪ್ರಯೋಗ ಶುರು. ಅದರ ಚಿಕ್ಕ ಹೆಸರು ಸೈಟ್. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಆಗಿನ ಬಿಜಾಪುರ ಜಿಲ್ಲೆಯಲ್ಲಿ ಈಗಿನ ಬಾಗಲಕೋಟೆಯೂ ಸೇರಿತ್ತು.

ಆಗಿನ ಡಿಶ್ ಈಗಿನಂತೆ ಇರಲಿಲ್ಲ. ಸುಮಾರು 10 ಅಡಿ ಅಗಲ, ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯದ್ದು. ಇಷ್ಟೊಂದು ತೂತು ಇದ್ದರೆ ಸಿಗ್ನಲ್ ಸೋರಿ ಹೋಗುವುದಿಲ್ಲವೇ? ಇಲ್ಲ. ಆ ಸಿಗ್ನಲ್‌ನ ಅಲೆಯ ಉದ್ದ ಸುಮಾರು 35 ಸೆಂ.ಮೀ. ಅಲೆಗೆ ಹೋಲಿಸಿದರೆ ಜಾಲರಿಯ ತೂತು ತೀರಾ ಚಿಕ್ಕದು, ಹಾಗಾಗಿ ಅಲೆಗೆ ಅದು ಗೋಡೆಯಂತೆಯೇ. ಇಂದಿನ ಡಿಟಿಎಚ್ ಅಲೆ ಎರಡೂವರೆ ಸೆಂ.ಮೀ. ಆಸುಪಾಸು. ಅದಕ್ಕೇ ಎರಡು ಅಡಿ ಅಗಲದ, ನಯವಾದ ಮೈಯ ಡಿಶ್ ಸಾಕಾಗುತ್ತದೆ. ಆ ಚಿಕ್ಕ ಅಲೆಯನ್ನು ಮಳೆ ಹನಿಗಳು ಹೆಚ್ಚು ಹೀರುವುದರಿಂದ ಜೋರು ಮಳೆಯಲ್ಲಿ ಟಿವಿ ನಿಲ್ಲುತ್ತದೆ.

ಇನ್ನೊಂದು ವ್ಯತ್ಯಾಸ ದಿಕ್ಕಿನದು. ಎಟಿಎಸ್-6 ಆಫ್ರಿಕಾದ ನೆತ್ತಿಯ ಮೇಲೆ ನಿಂತಿತ್ತು. ಹಾಗಾಗಿ ಬಿಜಾಪುರದ ಡಿಶ್‌ಗಳು ಪಡುವಣಕ್ಕೆ ಮುಖ ಮಾಡಿದ್ದವು. ಇಂದಿನ ಡಿಟಿಎಚ್ ಉಪಗ್ರಹಗಳು ನಮಗೆ ಪೂರ್ವಕ್ಕಿವೆ. ಅದಕ್ಕೇ ಈಗ ತಿಕೋಟಾದ ಡಿಶ್‌ಗಳೆಲ್ಲ ಆಗ್ನೇಯದ ಕಡೆ ನೋಡುತ್ತವೆ.

ಹಳ್ಳಿಯ ಶಾಲೆ ಅಥವಾ ಪಂಚಾಯ್ತಿಯಂಥ ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದೇ ಟಿವಿ. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಮನರಂಜನೆ. ಕಾರ್ಯಕ್ರಮಗಳು ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡದಲ್ಲಿ.

ಇಲ್ಲಿ ಒಂದು ಮುಖ್ಯ ಸಂಗತಿ ಗಮನಿಸಿ. ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆಗೆ ಎರಡು ಬೇರೆ ಬೇರೆ ಧ್ವನಿ ಕಳಿಸುವ ಅವಕಾಶವಿತ್ತು. ಒಂದೇ ಚಿತ್ರ ನೋಡುತ್ತಾ ಒಂದು ರಾಜ್ಯದವರು ತಮ್ಮ ಭಾಷೆ, ಪಕ್ಕದ ರಾಜ್ಯದವರು ತಮ್ಮ ಭಾಷೆ ಕೇಳಬಹುದಿತ್ತು. ಅಂದರೆ ಚಿತ್ರ ಬೇರೆ, ಧ್ವನಿ ಬೇರೆ. ಎಷ್ಟು ಧ್ವನಿ ಕಳಿಸುತ್ತಾರೋ ಅಷ್ಟೇ ಕೆಳಗೆ ಬರುತ್ತದೆ. ಕನ್ನಡದ ಧ್ವನಿ ಮೇಲಿಂದ ಬಾರದಿದ್ದರೆ, ಹಳ್ಳಿಯಲ್ಲಿ ಎಷ್ಟೇ ಒಳ್ಳೆಯ ಟಿವಿ ಇಟ್ಟರೂ ಅದು ಕನ್ನಡ ಮಾತಾಡುವುದಿಲ್ಲ.

ನಿಮ್ಮ ಹೋಂ ಥಿಯೇಟರ್‌ನ ಗುಟ್ಟೂ ಇಷ್ಟೇ.

ಫಾರ್ವರ್ಡ್ 1: ಕೇಬಲ್ ಹಾಕಿದರೆ ಎಲ್ಲ ಚಾನೆಲ್ 5.1 ಆಗುತ್ತದೆಯೇ?

ಆಗುವುದಿಲ್ಲ. 5.1 ಅಂದರೆ ಆರು ಪ್ರತ್ಯೇಕ ಧ್ವನಿ ದಾರಿಗಳು. ಮುಂದೆ ಎಡ, ಬಲ, ನಡುವೆ ಒಂದು, ಹಿಂದೆ ಎಡ, ಬಲ, ಮತ್ತು ಗುಡುಗಿನಂಥ ದಪ್ಪ ಸದ್ದಿಗೆ ಸಬ್‌ವೂಫರ್. ಇಷ್ಟನ್ನೂ ಚಾನೆಲ್‌ನವರು ಕಳಿಸಬೇಕು. ಕೆಲವು ಎಚ್‌ಡಿ ಚಾನೆಲ್‌ಗಳು ಮಾತ್ರ ಹಾಗೆ ಕಳಿಸುತ್ತವೆ, ಅದೂ ಎಲ್ಲ ಕಾರ್ಯಕ್ರಮಕ್ಕೆ ಅಲ್ಲ. ಉಳಿದವು ಸ್ಟೀರಿಯೊ, ಅಂದರೆ ಎಡ ಮತ್ತು ಬಲ ಎರಡೇ. ಆಗ ಹಿಂದಿನ ಸ್ಪೀಕರ್‌ನಲ್ಲಿ ಸದ್ದು ಬಂದರೆ ಅದು ಆಂಪ್ಲಿಫೈಯರ್ ಊಹೆ ಮಾಡಿ ಹಂಚಿದ್ದು. ಕೇಳಲು ಚೆನ್ನಾಗಿರಬಹುದು, ಆದರೆ ಅದು ಮೇಲಿಂದ ಬಂದದ್ದಲ್ಲ.

ಹಾಗಾದರೆ ಜೋಡಿಸುವುದು ಹೇಗೆ? ಮೊದಲು ಎಲ್ಲದರ ಸ್ವಿಚ್ ಆಫ್ ಮಾಡಿ. ಆಮೇಲೆ ನಿಮ್ಮ ಬಳಿ ಇರುವುದನ್ನು ನೋಡಿಕೊಂಡು ಒಂದು ದಾರಿ ಆರಿಸಿ.

ಒಂದು: ಹೋಂ ಥಿಯೇಟರ್‌ಗೆ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಬಾಕ್ಸ್‌ನ ಎಚ್‌ಡಿಎಂಐ ಅನ್ನು ಅದಕ್ಕೇ ಕೊಡಿ. ಅಲ್ಲಿಂದ ಇನ್ನೊಂದು ಎಚ್‌ಡಿಎಂಐ ಟಿವಿಗೆ. ಇದೇ ಅತ್ಯಂತ ನೇರ ದಾರಿ.

ಎರಡು: ಇನ್‌ಪುಟ್ ಇಲ್ಲದಿದ್ದರೆ ಬಾಕ್ಸ್ ಅನ್ನು ಟಿವಿಗೆ ಜೋಡಿಸಿ. ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ತೂತಿನಿಂದ ಹೋಂ ಥಿಯೇಟರ್‌ನ ಎಆರ್‌ಸಿ ತೂತಿಗೆ ವೈರ್ ಎಳೆಯಿರಿ. ಬೇರೆ ತೂತಿಗೆ ಹಾಕಿದರೆ ಸದ್ದು ಬರುವುದಿಲ್ಲ.

ಮೂರು: ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್. ಸಾಧ್ಯವಾದರೆ ಬಾಕ್ಸ್‌ನಿಂದಲೇ ಹೋಂ ಥಿಯೇಟರ್‌ಗೆ. ಕೆಲವು ಟಿವಿಗಳು ಬಾಕ್ಸ್‌ನಿಂದ ಬಂದ 5.1 ಧ್ವನಿಯನ್ನು ಎರಡಕ್ಕೆ ಇಳಿಸಿ ಮುಂದೆ ಕಳಿಸುತ್ತವೆ. ಆಪ್ಟಿಕಲ್ ಕೇಬಲ್ ಹಳೆಯ ಬಗೆಯ 5.1 ಧ್ವನಿ ಹೊರುತ್ತದೆ. ಹೊಸ ಬಗೆಯವು ಅದರಲ್ಲಿ ಹೋಗುವುದಿಲ್ಲ.

ನಾಲ್ಕು: ಹಳೆಯ ಬಾಕ್ಸ್ ಆದರೆ ಕೆಂಪು, ಬಿಳಿ ಪಿನ್. ಅದರಲ್ಲಿ ಬರುವುದು ಸ್ಟೀರಿಯೊ ಮಾತ್ರ. ಸುದ್ದಿ, ಧಾರಾವಾಹಿ, ಭಜನೆ ಕೇಳಲು ಅಷ್ಟೇ ಸಾಕು.

ಜೋಡಿಸಿದ ಮೇಲೆ ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೊ ನೋಡಿ. ಅಲ್ಲಿ ಪಿಸಿಎಂ ಅಥವಾ ಸ್ಟೀರಿಯೊ ಎಂದಿದ್ದರೆ ಡಾಲ್ಬಿ ಡಿಜಿಟಲ್ ಅಥವಾ ಪಾಸ್‌ಥ್ರೂ ಮಾಡಿ. ಎಷ್ಟೋ ಮನೆಗಳಲ್ಲಿ 5.1 ಬಾರದಿರಲು ಈ ಒಂದು ಆಯ್ಕೆಯೇ ಕಾರಣ. ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ಬೇಕಿಲ್ಲ. ಡಿಜಿಟಲ್ ಸಿಗ್ನಲ್ ಸರಿಯಾಗಿ ತಲುಪಿದರೆ ಮುಗಿಯಿತು, ಚಿನ್ನದಿಂದ ಸದ್ದು ಇಂಪಾಗುವುದಿಲ್ಲ. ಇನ್ನು, ಡಿಶ್‌ನಿಂದ ಬರುವ ದಪ್ಪ ವೈರನ್ನು ಬಾಕ್ಸ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಹಾಕಬೇಡಿ. ಅದರಲ್ಲಿ ಡಿಶ್ ಮೇಲಿನ ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ ಹರಿಯುತ್ತಿರುತ್ತದೆ.

ಫಾರ್ವರ್ಡ್ 2: ತುಟಿಗೂ ಮಾತಿಗೂ ತಾಳೆಯಾಗದಿರಲು ಉಪಗ್ರಹ ಕಾರಣವೇ?

ಅಲ್ಲ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡ್ ಬೇಕು, ಇದು ನಿಜ. ಆದರೆ ಚಿತ್ರ ಮತ್ತು ಧ್ವನಿ ಒಂದೇ ಬಂಡಿಯಲ್ಲಿ ಬರುವ ಇಬ್ಬರು ಪ್ರಯಾಣಿಕರಂತೆ. ತಡವಾದರೆ ಇಬ್ಬರಿಗೂ ತಡ. ಅವರು ಬೇರೆಯಾಗುವುದು ನಿಮ್ಮ ಮನೆಗೆ ಬಂದ ಮೇಲೆ.

ಬಾಕ್ಸ್‌ನಿಂದ ಧ್ವನಿ ನೇರ ಹೋಂ ಥಿಯೇಟರ್‌ಗೆ ಹೋಗುತ್ತದೆ. ಚಿತ್ರ ಟಿವಿಗೆ ಹೋಗುತ್ತದೆ. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಆಗ ಮಾತು ಮೊದಲು, ತುಟಿ ಆಮೇಲೆ. ಹೋಂ ಥಿಯೇಟರ್ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಡಿಲೇ ಅಥವಾ ಲಿಪ್ ಸಿಂಕ್ ಎಂಬುದನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿ. ತುಟಿಯೇ ಮೊದಲಾದರೆ ಧ್ವನಿ ಟಿವಿಯ ಮೂಲಕ ಸುತ್ತಿ ಬರುತ್ತಿರಬಹುದು. ಆಗ ಟಿವಿಯ ಧ್ವನಿ ಸೆಟ್ಟಿಂಗ್ ಬದಲಿಸಿ ನೋಡಿ, ಇಲ್ಲವೇ ಬಾಕ್ಸ್‌ನಿಂದ ನೇರ ದಾರಿ ಮಾಡಿ. ಡಿಶ್ ಬದಲಿಸಲು ಹಣ ಕೊಡಬೇಡಿ.

ಗೋಳಗುಮ್ಮಟ ಕಲಿಸುವ ಪಾಠ

ವಿಜಯಪುರದವರಿಗೆ ಸುತ್ತಲಿನ ಸದ್ದು ಹೊಸದಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಕಿವಿ ಕೊಟ್ಟರೆ ಎದುರು ಬದಿಯ ಪಿಸುಮಾತು ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಗಟ್ಟಿಯಾದ ಬಾಗಿದ ಗೋಡೆ ಸದ್ದನ್ನು ಹೀರದೆ ವಾಪಸ್ ಕಳಿಸುವುದೇ ಕಾರಣ. ಹತ್ತಾರು ಮಂದಿ ಒಟ್ಟಿಗೆ ಮಾತಾಡಿದಾಗ ಅಲ್ಲಿ ಒಂದು ಮಾತೂ ಅರ್ಥವಾಗುವುದಿಲ್ಲ ಎಂಬುದೂ ನಿಮಗೆ ಗೊತ್ತು.

ನಿಮ್ಮ ಹಾಲ್‌ನಲ್ಲಿ ಬರೀ ಸಿಮೆಂಟ್ ಗೋಡೆ, ಕಲ್ಲು ನೆಲ ಇದ್ದರೆ ಅದೂ ಸಣ್ಣ ಗುಮ್ಮಟವೇ. ನೆಲಕ್ಕೆ ಜಮಖಾನ ಹಾಸಿ. ಕಿಟಕಿಗೆ ದಪ್ಪ ಪರದೆ ಕಟ್ಟಿ. ಮಾತು ಬರುವುದು ಹೆಚ್ಚಾಗಿ ನಡುವಿನ ಸ್ಪೀಕರ್‌ನಿಂದ, ಅದನ್ನು ಟಿವಿ ಕೆಳಗೇ, ಕೂರುವವರ ಕಿವಿಯ ಎತ್ತರಕ್ಕೆ ಇಡಿ. ಹಿಂದಿನ ಎರಡನ್ನು ಕೂರುವವರ ಅಕ್ಕಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಇಡಿ. ಮನೆಯಲ್ಲಿ ಕಿವಿ ಮಂದವಾದ ಅಜ್ಜಿಯೋ ಅಜ್ಜನೋ ಇದ್ದರೆ ಒಟ್ಟು ವಾಲ್ಯೂಮ್ ಏರಿಸಬೇಡಿ, ನಡುವಿನ ಸ್ಪೀಕರ್ ಒಂದನ್ನೇ ಏರಿಸಿ. ಡಬಡಬ ಸದ್ದು ಹಿಂದೆ ಸರಿದು ಮಾತು ಮುಂದೆ ಬರುತ್ತದೆ. ಅವರು ತಮಗೆ ತಿಳಿಯದ ಸದ್ದಿನ ನಡುವೆ ಸುಮ್ಮನೆ ಕೂರುವುದು ತಪ್ಪುತ್ತದೆ.

ಕೊನೆಯ ಮಾತು

ಸೈಟ್ ಪ್ರಯೋಗ 1976ರ ಜುಲೈ 31ಕ್ಕೆ ಮುಗಿಯಿತು. ನಾಸಾ ಉಪಗ್ರಹ ಹೊರಟುಹೋಯಿತು. ಹಳ್ಳಿಯ ಪರದೆಗಳು ಖಾಲಿಯಾದವು. ಆದರೆ ಕಲಿತ ಕೆಲಸ ಉಳಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಗೋಪುರದ ಟಿವಿ ಪ್ರಸಾರ ಬಂತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 2003ರಲ್ಲಿ ದೇಶದಲ್ಲಿ ಮನೆ ಮನೆಗೆ ನೇರ ಡಿಟಿಎಚ್ ಶುರುವಾಯಿತು. 2023ರಲ್ಲಿ ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಲ್ಯಾಂಡರ್‌ಗೆ ವಿಕ್ರಮ್ ಎಂದೇ ಹೆಸರು.

ಸಾರಾಭಾಯ್ ಕೇಳಿದ್ದು ದೊಡ್ಡ ಪರದೆಯನ್ನಲ್ಲ, ಐದು ಸ್ಪೀಕರನ್ನಲ್ಲ. ದೂರದ ಹಳ್ಳಿಯ ಕೊನೆಯ ಸಾಲಿನಲ್ಲಿ ಕೂತವರಿಗೆ ಅವರದೇ ಭಾಷೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು ಎಂದು. ಈ ಸಲ ಹೋಂ ಥಿಯೇಟರ್ ಜೋಡಿಸಿದ ಮೇಲೆ ನೀವು ಮಾಡಬೇಕಾದ ಪರೀಕ್ಷೆಯೂ ಅದೇ. ಸೋಫಾದ ನಡುವೆ ಕೂತು ಸ್ಫೋಟದ ಸದ್ದು ಕೇಳಬೇಡಿ. ಹಾಲ್‌ನ ಮೂಲೆಯಲ್ಲಿ ಕೂತ ಅಜ್ಜಿಗೆ ಸುದ್ದಿ ಅರ್ಥವಾಯಿತೇ ಎಂದು ಕೇಳಿ. ಹೌದು ಅಂದರೆ ನಿಮ್ಮ ಜೋಡಣೆ ಸರಿಯಾಗಿದೆ.

ಕೇಬಲ್ ಫಾರ್ವರ್ಡ್ ಕಳಿಸಿದವರಿಗೆ ಇದನ್ನೂ ಕಳಿಸಿ.